ಎಣ್ಣೆ ಜಾಹೀರಾತಿನ ಕಹಕಶಾ

ಮುಳಬಾಗಿಲು
14-11-2024, ಗುರುವಾರ

ಪ್ರೀತಿಯ ಅಮ್ಮೀಗೆ ಅಮ್ಜದ್‌ನ ಸಲಾಂ.

ಮೊಣಕಾಲು ನೋವು ಹೇಗಿದೆ? ಮಾಲೂರಲ್ಲಿ ಮಾಮೂ ಮನೆ ಮಹಡಿ ಮೇಲಿದೆ, ದಿನಕ್ಕೆ ಎಷ್ಟು ಸಲ ಹತ್ತಿ ಇಳೀತೀರೋ ಅಂತ ಅಬ್ಬಾ ಕೇಳ್ತಾನೇ ಇರ್ತಾರೆ. ಬಿಪಿ ಮಾತ್ರೆ ತಪ್ಪಿಸಬೇಡಿ. ನೀವು ಫೋನ್ ಎತ್ತೋದಿಲ್ಲ ಅಂತ ಕಾಗದ ಬರೀತಿದೀನಿ. ನನ್ನ ಉರ್ದು ಅಕ್ಷರ ಕಂಡರೆ ಕೋಳಿ ಕೆದರಿದ ಹಾಗಿದೆ ಅಂತೀರಿ, ಅದಕ್ಕೇ ಕನ್ನಡದಲ್ಲಿ. ಅಬ್ಬಾ ಬೆಳಿಗ್ಗೆ ಕೂದಲೆಣ್ಣೆ ಕಾಯಿಸ್ತಾರೆ, ಬಾಟ್ಲಿಗೆ ತುಂಬ್ತಾರೆ. ಅಡುಗೆ ನನ್ನದೇ. ಸಾರಿಗೆ ಉಪ್ಪು ಜಾಸ್ತಿಯಾದರೂ ಏನೂ ಅನ್ನದೆ ತಿಂದು ಏಳ್ತಾರೆ. ಬೈದರೆ ವಾಸಿ ಅನ್ನಿಸುತ್ತೆ.

ಜಾಹೀರಾತಿನ ನಿಯಮ ನೋಡೋರಿಂದ ನಮ್ಮ ವೆಬ್‌ಸೈಟಿಗೆ ನೋಟಿಸ್ ಬಂದಾಗ ನೀವು ಇಲ್ಲೇ ಇದ್ರಿ. ‘ಯಾವ ಕಾರಣಕ್ಕೆ ಉದುರಿದ ಕೂದಲಾದರೂ ತೊಂಬತ್ತು ದಿನದಲ್ಲಿ ವಾಪಸ್’ ಅನ್ನೋದಕ್ಕೆ ಪುರಾವೆ ಕೊಡಿ, ಇಲ್ಲಾ ತೆಗೀರಿ ಅಂತ ಅದರಲ್ಲಿತ್ತು. ಆ ಮಾತು ಬರೆದವನು ನಾನು. ಎರಡು ವರ್ಷದ ಹಿಂದೆ ನಮ್ಮ ಕಹಕಶಾಳನ್ನ ತಾರಸಿ ಮೇಲೆ ನಿಲ್ಲಿಸಿ, ಸೊಂಟದುದ್ದದ ಕೂದಲು ಬಿಚ್ಚಿಸಿ, ‘ನನಗೆ ವಾಪಸ್ ಬಂತು’ ಅಂತ ವಿಡಿಯೋದಲ್ಲಿ ಹೇಳಿಸಿದವನೂ ನಾನೇ. ಚಿಕ್ಕಂದಿನಿಂದ ಅವಳ ಕೂದಲು ಹಾಗೇ ಇತ್ತು. ನಮ್ಮ ಎಣ್ಣೆ ವಾಸನೆ ಅವಳಿಗೆ ಆಗ್ತಿರಲಿಲ್ಲ. ಮಧ್ಯೆ ಮಧ್ಯೆ ನಗು ಬಂದು ಮೂರು ಸಲ ತಪ್ಪಿದ್ಲು.

ವಕೀಲ ಮುರಳಿಮೋಹನ್ ಮುಂದೆ ನಾನೂ ಅಬ್ಬಾನೂ ಕೂತಿದ್ವಿ. ‘ಸಣ್ಣವರ ಬೆನ್ನು ಯಾರೂ ಹತ್ತಲ್ಲ. ಆದರೆ ಇನ್ನೊಂದು ದೂರು ಹೋದರೆ ಲೈಸೆನ್ಸಿಗೇ ಕುತ್ತು ಬರಬಹುದು. ಬರಹ ಬದಲಾಯಿಸಿ, ಹುಡುಗಿ ವಿಡಿಯೋ ಇರಲಿ, ಅವಳ ಕೂದಲು ನೋಡೇ ಜನ ಕೊಳ್ಳೋದು’ ಅಂದ್ರು. ಅವಳು ತೀರಿಕೊಂಡಿದ್ದು ಅವರಿಗೆ ಗೊತ್ತಿರಲಿಲ್ಲ. ಮನೆಗೆ ಬಂದು, ವೆಬ್‌ಸೈಟಿಂದ ವಿಡಿಯೋನೂ ತೆಗೆದುಬಿಡೋಣ, ನಿಮ್ಮ ಫೋನಿಗೆ ಹಾಕಿಕೊಡ್ತೀನಿ ಅಂದಿದ್ದಕ್ಕೆ ನೀವು ತಟ್ಟೆ ಬಿಟ್ಟು ಎದ್ರಿ. ‘ನನ್ನ ಫೋನಲ್ಲಿ ನಾನೊಬ್ಬಳೇ ನೋಡ್ತೀನಿ ಕಣೋ, ಅಲ್ಲಿದ್ರೆ ನಾಲ್ಕು ಜನ ನೋಡ್ತಾರೆ. ಅದನ್ನ ತೆಗೆದ್ರೆ ಅವಳನ್ನ ಇನ್ನೊಂದ್ಸಲ ಮಣ್ಣು ಮಾಡ್ದಂಗೆ’ ಅಂದ್ರಿ. ಮಾರನೇ ದಿನ ಮಾಲೂರಿಗೆ ಹೊರಟುಬಿಟ್ರಿ. ನಾನು ಬರಹ ಮಾತ್ರ ಬದಲಾಯಿಸಿದೆ. ಅವಳ ಬಾಯಲ್ಲಿದ್ದ ಮಾತು ಹಾಗೇ ಉಳೀತು.

ಸೋಮವಾರ ಶ್ರೀನಿವಾಸಪುರದ ಕಡೆಯಿಂದ ಮುನಿಗಂಗಮ್ಮ ಅನ್ನೋ ಹೆಂಗಸು ಫೋನ್ ಮಾಡಿದ್ರು. ಅವರ ಹನ್ನೊಂದು ವರ್ಷದ ಮಗಳಿಗೂ ಕಹಕಶಾಗೆ ಬಂದಿದ್ದ ರಕ್ತದ ಕಾಯಿಲೆಯೇ. ಚಿಕಿತ್ಸೆಗೆ ತಲೆ ಬೋಳಾಗಿದೆಯಂತೆ. ‘ದಿನಾ ಆ ಅಕ್ಕನ ವಿಡಿಯೋ ನೋಡ್ತಾಳಪ್ಪ. ಒಂದ್ಸಲ ಆಕೆ ಕೈಲಿ ನನ್ ಮಗೂಗೆ ಫೋನಲ್ಲಿ ಮಾತಾಡಿಸ್ತೀರಾ’ ಅಂದ್ರು. ಏನೋ ನೆಪ ಹೇಳೋಣ ಅಂತ ಬಾಯಿವರೆಗೆ ಬಂತು ಅಮ್ಮೀ. ಆಗಲಿಲ್ಲ. ಆಕೆ ನನ್ನ ತಂಗಿ, ಈಗ ಇಲ್ಲ, ಕೂದಲು ನಮ್ಮ ಎಣ್ಣೆಯಿಂದ ಬಂದದ್ದಲ್ಲ, ಅದು ನಾನು ಹೇಳಿಸಿದ ಸುಳ್ಳು ಅಂದೆ. ಅವರು ಬೈಯಲಿಲ್ಲ. ‘ಈಗ ನನ್ ಮಗೂಗೆ ಏನಂತ ಹೇಳ್ಲಪ್ಪ’ ಅಂತ ಕೇಳಿ ಫೋನ್ ಇಟ್ರು. ವಕೀಲರ ಮುಂದೆ ಕೂತಾಗ ನಮ್ಮ ಲೈಸೆನ್ಸ್, ನಮ್ಮ ವ್ಯಾಪಾರ ಅಷ್ಟೇ ಯೋಚನೆ ಮಾಡಿದ್ವಿ. ಇಂಥ ಮಗು ಎಲ್ಲೋ ಕೂತು ನೋಡ್ತಿರುತ್ತೆ ಅಂತ ನನಗೆ ಹೊಳೆದಿರಲಿಲ್ಲ.

ಅದಕ್ಕೇ ವಿಡಿಯೋ ತೆಗೆಯೋಕೆ ನಿಮ್ಮ ಒಪ್ಪಿಗೆ ಕೇಳ್ತಿದೀನಿ. ಕೋಪ ಮಾಡ್ಕೊಳ್ಳೋದಿದ್ದರೂ ಮನೆಗೆ ಬಂದು ಮಾಡ್ಕೊಳ್ಳಿ. ಮಾಮೂಗೆ ಸಲಾಂ, ಮಕ್ಕಳಿಗೆ ದುವಾ. ನಿಮ್ಮ ಆರೋಗ್ಯಕ್ಕೆ ಅಬ್ಬಾ ಪ್ರತಿ ನಮಾಜಿನಲ್ಲೂ ಬೇಡ್ಕೋತಾರೆ.

ನಿಮ್ಮ ಮಗ,
ಅಮ್ಜದ್

ತಾ.ಕ.: ಒಪ್ಪಿಗೆ ಕೇಳ್ತಿದೀನಿ ಅಂತ ಬರೆದದ್ದು ಸುಳ್ಳು. ಇವತ್ತು ಬೆಳಿಗ್ಗೆಯೇ ತೆಗೆದುಬಿಟ್ಟೆ. ಇನ್ನೊಂದು ವಿಷಯ ಇದೆ, ಅದನ್ನ ಅಬ್ಬಾಗೂ ಹೇಳಿಲ್ಲ. ರಂಜಾನ್ ಸಮಯದಲ್ಲಿ ಆಸ್ಪತ್ರೆಯಲ್ಲಿ ಕಹಕಶಾ ಬೋಳಾದ ತಲೆಗೆ ದುಪಟ್ಟಾ ಎಳ್ಕೊಂಡು, ‘ಭಯ್ಯಾ, ಆ ವಿಡಿಯೋ ತೆಗೆದುಬಿಡು, ಜನ ನಂಬ್ತಾರೆ’ ಅಂದಿದ್ಲು. ಆರ್ಡರ್ ಚೆನ್ನಾಗಿ ಬರ್ತಿದೆ, ಹಬ್ಬ ಕಳೀಲಿ ಅಂದೆ. ಆಯ್ತು ಅಂದ್ಲು. ಹಬ್ಬ ಕಳೆದ ಮೇಲೂ ನಾನು ತೆಗೀಲಿಲ್ಲ. ಅವಳು ಇನ್ನೊಂದು ಸಲ ಕೇಳಲಿಲ್ಲ.