ಬಚ್ಚಲ ಬಾಗಿಲ ಹಸಿರು ಗೆರೆ

ಚನ್ನಪಟ್ಟಣ
೧೨-೧೧-೧೯೮೬

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ ರತ್ನ, ಕೂಸು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ತಿಪ್ಪಸಂದ್ರದ ಚಳಿಗೆ ತಣ್ಣೀರು ಮುಟ್ಟಬೇಡ. ಈ ಕಾಗದವನ್ನು ಮಾತ್ರ ರತ್ನನ ಕೈಲಿ ಓದಿಸಬೇಡ. ನಿಧಾನವಾದರೂ ನೀನೇ ಕೂಡಿಸಿಕೊಂಡು ಓದು.

ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ನೀನು ಮಗಳ ಮನೆಗೆ ಹೋದ ಮೇಲೆ ನಮ್ಮ ಹಿತ್ತಲ ಬಚ್ಚಲಿನ ಬಾಗಿಲು ಕಿತ್ತೆ. ಟಿಂಕರ್ ಗಫಾರ್ ಗೊತ್ತಲ್ಲ, ನನ್ನ ಜೊತೆ ಓದಿದವನು. ಹರಾಜಿನಲ್ಲಿ ಹಿಡಿದ ಯುದ್ಧಕಾಲದ ಮಿಲಿಟರಿ ಲಾರಿಯೊಂದನ್ನು ಮೊದಲಿನಂತೆ ಮಾಡಲು ಹೊರಟಿದ್ದಾನೆ. ಬಾನೆಟ್ಟು, ಮಡ್‌ಗಾರ್ಡು ಎಲ್ಲ ಸರಿಯಾಗಿ ಕೂತವು. ಎಡಗಡೆ ಬಾಗಿಲೇ ಇರಲಿಲ್ಲ. ಹೊಸ ತಗಡಿನಲ್ಲಿ ಎರಡು ಸಲ ಮಾಡಿ ನೋಡಿದ. ಮೇಲೆ ಕೂತರೆ ಕೆಳಗೆ ಬೆರಳು ತೂರುವಷ್ಟು ಸಂದು. ಮೊನ್ನೆ ಊಟಕ್ಕೆ ಬಂದವನು ಕೈ ತೊಳೆಯಲು ಹಿತ್ತಲಿಗೆ ಹೋಗಿ ಅಲ್ಲಿಂದಲೇ ಕೂಗಿದ: "ಲೇ ಗಂಗಾ, ಇದು ಬಚ್ಚಲ ಬಾಗ್ಲಲ್ಲ ಕಣ್ಲಾ, ನನ್ ಲಾರಿ ಬಾಗ್ಲು! ಕಿಟಕಿ ಜಾಗಕ್ಕೆ ತಗಡು ಹೊಡ್ದವ್ರೆ ಅಷ್ಟೇಯ." ಅಪ್ಪ ಗುಜರಿಯಿಂದ ತಂದದ್ದು ಮಿಲಿಟರಿ ಮಾಲೆಂದು ನನಗೇನು ಗೊತ್ತು? ನಿನ್ನನ್ನು ಕೇಳದೆ ಕೊಟ್ಟುಬಿಟ್ಟೆ. ಕೀಲಿಗೆ ಸಿಕ್ಕಿಸಿದೊಡನೆ ಕೂತಿತಮ್ಮಾ, ಸುತ್ತಲೂ ಒಂದೇ ಅಳತೆಯ ಸಂದು. ಗಫಾರ್ ಅದನ್ನು ಮುಚ್ಚಿ ತೆಗೆದು, ಮುಚ್ಚಿ ತೆಗೆದು ಕುಣಿದಾಡಿದ.

ಆಮೇಲೆ ಪೇಂಟು ಕೆರೆಯಲು ಕೂತೆವು. ಅಪ್ಪ ತೀರಿಕೊಂಡ ವರ್ಷ ನೀನು ಬಳಿಸಿದ ನೀಲಿಯ ಅಡಿಯಲ್ಲಿ, ಒಳಮೈಗೆ, ಅಡ್ಡಗೆರೆಗಳು ಕಂಡವು. ಬೊಂಬೆಗೆ ಅಪ್ಪ ಹಚ್ಚುತ್ತಿದ್ದ ಅರಗು! ಯುಗಾದಿ ದಿನ ಎಣ್ಣೆನೀರು ಹಾಕುವ ಮುಂಚೆ ನಮ್ಮನ್ನು ಬಾಗಿಲಿಗೆ ಒರಗಿಸಿ, ತಲೆ ಮುಟ್ಟುವ ಕಡೆ ಕಾದ ಅರಗಿನ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದರಲ್ಲ. ನನಗೆ ಕೆಂಪು, ರತ್ನನಿಗೆ ಹಳದಿ. ನಗುತ್ತ ಎಣಿಸುತ್ತಿದ್ದೆ. ಅಷ್ಟರಲ್ಲಿ ಗಫಾರನ ಬ್ಲೇಡಿಗೆ ಅದರಡಿಯ ಬಿಳಿ ಬಣ್ಣವೂ ಎದ್ದು ಬಂತು. ಕೆಳಗೆ ಹಸಿರು ಗೆರೆ.

ನಾಲ್ಕು ಗೆರೆ ಅಮ್ಮಾ. ನಾಲ್ಕೇ. ಕೊನೆಯದು ನನ್ನ ಸೊಂಟಕ್ಕೂ ಬರುವುದಿಲ್ಲ. "ಇದ್ಯಾರ್ದ್ಲಾ?" ಎಂದ ಗಫಾರ್. ನನಗಿಂತ ಮುಂಚೆ ನಮ್ಮ ಮನೆಯಲ್ಲಿ ಒಂದು ಮಗು ನಾಲ್ಕು ಯುಗಾದಿ ಕಂಡಿತ್ತೇ? ನಾನು ಹುಟ್ಟಿದ ಈ ಮೂವತ್ತಮೂರು ವರ್ಷದಲ್ಲಿ ನೀನಾಗಲಿ ಅಪ್ಪನಾಗಲಿ ಒಂದು ಮಾತು ಆಡಲಿಲ್ಲವಲ್ಲ! ಕೋಪವಿಲ್ಲ ನನಗೆ, ಗಾಬರಿ. ನಿನ್ನೆಯಿಂದ ಅನ್ನ ಸೇರುತ್ತಿಲ್ಲ.

ರತ್ನನಿಗೂ ಭಾವನವರಿಗೂ ನನ್ನ ನೆನಕೆ ತಿಳಿಸು. ಕೂಸಿಗೆ ದೃಷ್ಟಿ ತೆಗೆ.

ನಿನ್ನ ಹಿರಿಮಗ
ಗಂಗಹನುಮಯ್ಯ

ಇನ್ನೊಂದು ಮಾತು, ಟಪಾಲು ಹೊರಡುವ ಹೊತ್ತಾಯಿತು: ಬಾಗಿಲನ್ನು ಗಫಾರನೇ ಬಿಚ್ಚಿ ಹೆಗಲ ಮೇಲೆ ಹೊತ್ತು ತಂದು ಬಚ್ಚಲಿಗೆ ಕೂರಿಸಿ ಹೋದ. "ನಂಗೆ ಆ ತಗಡಿನ್ದೇ ಸಾಕು, ಸಂದು ಇದ್ರೆ ಇರ್ಲಿ" ಎಂದ. ಆ ಮಗುವಿನ ಹೆಸರೊಂದನ್ನು ಹೇಳಮ್ಮಾ. ಮೇಲೆ ರೂಢಿಯಂತೆ ‘ಹಿರಿಮಗ’ ಎಂದು ರುಜು ಹಾಕಿಬಿಟ್ಟಿದ್ದೇನೆ. ಹಾಗೆ ಬರೆಯಬಹುದೇ ನಾನು?