ತೂಕದ ದಿನ

ಹೊಸಪೇಟೆ
೧೨-೩-೧೯೩೪

ಚಿರಂಜೀವಿ ಅಳಿಯಂದಿರಾದ ವ್ಯಾಸರಾಜರಿಗೆ ಆಶೀರ್ವಾದಗಳು.

ಮದರಾಸಿನ ಸಭೆಯಲ್ಲಿ ನೀವು ಓದಲಿರುವ ಪ್ರಬಂಧ ತಲುಪಿತು. ಗಲ್ಲಿನ ದಿನ ಹತ್ತಿರವಾದಂತೆ ಕೈದಿ ಪಶ್ಚಾತ್ತಾಪಪಡುತ್ತಾನೆಂದು ಬರೆದಿದ್ದೀರಿ. ನಾನು ಕಾನೂನು ಓದಿದವನಲ್ಲ. ಇಪ್ಪತ್ತೆರಡು ವರ್ಷ ಜೈಲರನಾಗಿದ್ದೆ, ಅಷ್ಟೆ.

ಜೈಲಿಗೆ ಬಂದ ದಿನ ಕೈದಿಯನ್ನು ತೂಗುತ್ತೇವೆ, ಬಿಡುಗಡೆಯ ದಿನವೂ ತೂಗುತ್ತೇವೆ. ಗಲ್ಲಿಗೆ ಹೋಗುವವನನ್ನು ಮಾತ್ರ ಹಗ್ಗದ ಅಳತೆಗಾಗಿ ಎರಡು ದಿನ ಮೊದಲು ತೂಗುತ್ತೇವೆ. ಗದ್ದೆಯ ನೀರಿನ ಜಗಳದಲ್ಲಿ ದಾಯಾದಿಯನ್ನು ಕೊಂದಿದ್ದ ಬುಕ್ಕಸಾಗರದ ತೋಟಪ್ಪನಿಗೆ ಇದು ಗೊತ್ತಿರಲಿಲ್ಲ. ಅವನ ಕ್ಷಮಾ ಅರ್ಜಿ ತಳ್ಳಿಹೋದದ್ದನ್ನು ನಾನಿನ್ನೂ ಹೇಳಿರಲಿಲ್ಲ.

ತಕ್ಕಡಿಯಿಂದ ಇಳಿದವನೇ ನಕ್ಕ. "ಬಿಡಾಕ್ಹತ್ತೀರೇನ್ರಿ ಸಾಹೇಬ್ರ? ನಮ್ಮ ಸಂಗಮ್ಮಗ ಬಂಡಿ ಹೂಡ್ಕೊಂಡು ಬಾ ಅಂತ ಜಲ್ದಿ ಹೇಳಿ ಕಳಸ್ರಿ" ಎಂದ.

ಹೇಳಿ ಕಳಿಸಿದೆ. ಬಂಡಿಯಂತೂ ಬೇಕೇ ಇತ್ತು.

ಗಲ್ಲಿನ ದಿನ ಬೆಳಿಗ್ಗೆ, ಗಂಡ ಕೂರುವಾಗ ಮೆತ್ತಗಿರಲೆಂದು ಅವಳು ಬಂಡಿಯಲ್ಲಿ ಕೌದಿ ಹಾಸಿಕೊಂಡು ಬಂದಿದ್ದಳು. ಅದರ ಮೇಲೆಯೇ ಅವನನ್ನು ಮಲಗಿಸಿದೆವು.

ಮಗಳು ಗೋದೆಗೆ ಈ ಪತ್ರ ತೋರಿಸಬೇಡಿ. ಪಶ್ಚಾತ್ತಾಪದ ಆ ಸಾಲನ್ನು ದಯವಿಟ್ಟು ತೆಗೆಯಿರಿ. ಉಳಿಸಲೇಬೇಕೆಂದರೆ, ಕೈದಿ ಎಂಬುದನ್ನು ಹೊಡೆದುಹಾಕಿ ಜೈಲರ್ ಎಂದು ಬರೆಯಿರಿ.

ಇಂತಿ ನಿಮ್ಮ ಮಾವ,
ಗೋಪೀನಾಥ