ನಾನು ಅಳಿಸಿದ ಲಾಗ್ ಸಾಲುಗಳು

ಹಾರೋಹಳ್ಳಿ, ೨೦೦೮

ಲತಾಮಣಿ,

ಇದನ್ನು ಕಳಿಸುವುದಿಲ್ಲ, ಆದ್ದರಿಂದ ಧಾರಾಳವಾಗಿ ಗೊಣಗುತ್ತೇನೆ. ನಾವಿಬ್ಬರೂ ಪ್ರೋಗ್ರಾಂ ಬರೆದ, ಬಾಟಲಿಗೆ ಮಾವಿನ ರಸ ತುಂಬುವ ಯಂತ್ರ ಮೂರು ದಿನದಿಂದ ಮನಬಂದಾಗ ನಿಲ್ಲುತ್ತಿತ್ತು. ಆಪರೇಟರ್ ಬೈರೇಶನದೇ ತಪ್ಪೆಂದು ಮ್ಯಾನೇಜರ್ ಅವನಿಗೆ ಮೆಮೋ ಸಿದ್ಧಪಡಿಸಿದ್ದರು. ನಾನು ಡಿಬಗರ್ ಹಾಕಿ, ಪ್ರೋಗ್ರಾಂ ಅನ್ನು ಸಾಲುಸಾಲಿಗೂ ನಿಲ್ಲಿಸಿ ನೋಡಿದೆ. ಹಾಗೆ ನೋಡುವಾಗ ಹಾಳಾದ್ದು ಒಮ್ಮೆಯೂ ತಪ್ಪಲಿಲ್ಲ.

"ನೀವು ಕೈ ಹಿಡ್ಕಂಡು ನಡ್ಸಿದ್ರೆ ಅದ್ಯಾಕೆ ಬೀಳ್ತದೆ ಮೇಡಂ? ಒಸಿ ಬುಟ್ಟು ನೋಡಿ," ಎಂದ ಬೈರೇಶ. "ಲತಾ ಮೇಡಂ ಇದ್ದಾಗ ಯಾವಾಗ ಏನಾಯ್ತು ಅಂತ ಅದೇ ಬರ್ದು ಮಡುಗ್ತಿತ್ತು."

ಮೈಯೆಲ್ಲ ಉರಿಯಿತು. ಯಂತ್ರದ ದಿನಚರಿ ಬರೆಸುತ್ತಿದ್ದ ನಿನ್ನ ಆ ಲಾಗ್ ಸಾಲುಗಳನ್ನು ಕಸವೆಂದು ಅಳಿಸಿದವಳು ನಾನೇ. "ಡಿಬಗರ್ ಬಾರದವರು ಲಾಗ್ ಬರೆಯುತ್ತಾರೆ" ಎಂದು ಮೀಟಿಂಗಿನಲ್ಲಿ ಎಲ್ಲರನ್ನೂ ನಗಿಸಿದವಳೂ ನಾನೇ. ಮರುವಾರ ನಿನ್ನ ಕುರ್ಚಿ ಖಾಲಿಯಿತ್ತು.

ಪ್ರೋಗ್ರಾಂನ ಹಳೆಯ ಪ್ರತಿಯಿಂದ ಆ ಸಾಲುಗಳನ್ನು ಮತ್ತೆ ಸೇರಿಸಿ, ಯಂತ್ರವನ್ನು ಅದರ ಪಾಡಿಗೆ ಓಡಲು ಬಿಟ್ಟೆ. ಮಧ್ಯಾಹ್ನದ ಊಟದೊಳಗೆ ಲಾಗಿನಲ್ಲಿ ಸಿಕ್ಕಿತು: ವೇಗ ಹೆಚ್ಚಿದಾಗ ಬಾಟಲಿ ಎಣಿಸುವ ಸೆನ್ಸರ್ ಒಂದನ್ನೇ ಎರಡೆಂದು ಹೇಳುತ್ತಿತ್ತು, ಲೆಕ್ಕ ತಪ್ಪಿ ಯಂತ್ರ ನಿಲ್ಲುತ್ತಿತ್ತು.

ಮ್ಯಾನೇಜರ್ ಮೆಮೋ ಹರಿದುಹಾಕಿದರು. "ಲಾಗ್ ಹಾಕಿದ್ದು ಒಳ್ಳೆ ಐಡಿಯಾ ಮೇಡಂ," ಎಂದು ಎಲ್ಲರೆದುರು ನನ್ನನ್ನು ಹೊಗಳಿದರು. ಬೈರೇಶ ನನ್ನ ಮುಖವನ್ನೇ ನೋಡುತ್ತಿದ್ದ. ನಿನ್ನ ಹೆಸರು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಫಿ ಬಂತು, ಕುಡಿದೆ.